ಸಮುವೇಲಪ್ಪನ ನೂಲುಗುಂಡು

ಸಾಗವಾನಿ ಕಟ್ಟಿಗೆಯನ್ನು ಚಾಕುವಿನಿಂದ ಕೆತ್ತಿದಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು. ತುಸು ಎಣ್ಣೆಯ, ತುಸು ಹಳೆಯ ತೊಗಲಿನ ವಾಸನೆ ಅದು. ಕಳೆದ ತಿಂಗಳು ಹಾನಗಲ್ಲಿನ ನನ್ನ ಮನೆಯ ಅಂಗಳದಲ್ಲಿ ಪೇಪರು ಹಿಡಿದು ಕುಳಿತಿದ್ದಾಗ ಆ ವಾಸನೆ ಕಂಪೌಂಡು ದಾಟಿ ಬಂತು. ಪಕ್ಕದ ಖಾಲಿ ಜಾಗದಲ್ಲಿ ಒಂದು ಮನೆ ಏಳುತ್ತಿದೆ. ಗೋಡೆ ಕಟ್ಟುವವನಿಗೆ ನಮ್ಮ ಕಡೆ ಗೌಂಡಿ ಎನ್ನುತ್ತಾರೆ. ಆ ಮನೆಯ ಗೌಂಡಿ ಮಹಬೂಬಸಾಬ ಇಟ್ಟಿಗೆ ರಾಶಿಯ ಮೇಲೆ ಕುಳಿತು ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಕಟ್ಟಿಗೆಯ ತುಂಡೊಂದನ್ನು ಕೆತ್ತುತ್ತಿದ್ದ. ಅವನ ಪಕ್ಕದಲ್ಲೇ ಗೋಡೆಯ ಮೇಲೆ ಹಸಿರು ಬೆಳಕಿನ ಗೆರೆ ಎಳೆಯುವ ಹೊಸ ಯಂತ್ರ ಸುಮ್ಮನೆ ಕುಳಿತಿತ್ತು.

ನಿವೃತ್ತನಾದ ಮೇಷ್ಟರಿಗೆ ಇರುವ ದೊಡ್ಡ ಕಾಯಿಲೆಯೆಂದರೆ ಕಂಡದ್ದನ್ನೆಲ್ಲ ಕೇಳುವುದು. ಕೇಳಿದೆ.

“ಏನು ಮಹಬೂಬಸಾಬ್, ಇಷ್ಟು ದೊಡ್ಡ ಮಷೀನ್ ಇಟ್ಟುಕೊಂಡು ಕಟ್ಟಿಗಿ ಕೆತ್ತಲಿಕ್ಕೆ ಹತ್ತೀರಲ್ಲ?”

“ಮಷೀನಿಗೆ ಬಿಸಲಾಗ ಕಣ್ಣ ಕಾಣೂದಿಲ್ರಿ ಸರ. ಗುಂಡಕ್ಕ ಬಿಸಲಿಲ್ಲ, ಮಳಿಯಿಲ್ಲ. ಹಳೇ ಬಿಲ್ಲಿ ಸವದಿತ್ತು, ಹೊಸಾದು ಮಾಡಾಕತ್ತೇನಿ.”

ಗುಂಡು ಎಂದರೆ ನೂಲುಗುಂಡು. ದಾರದ ತುದಿಗೆ ತೂಗುವ ಹಿತ್ತಾಳೆಯ ಗುಂಡು, ದಾರದ ಮೇಲ್ಗಡೆ ಪೋಣಿಸಿದ ಕಟ್ಟಿಗೆಯ ಬಿಲ್ಲೆ. ಬಿಲ್ಲೆಯ ಅಗಲ ಗುಂಡಿನ ಅಗಲದಷ್ಟೇ ಇರಬೇಕು. ಬಿಲ್ಲೆಯನ್ನು ಗೋಡೆಯ ಮೇಲಂಚಿಗೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಟ್ಟರೆ ಅದು ಗೋಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲಬೇಕು. ಆಗ ಗೋಡೆ ನೆಟ್ಟಗಿದೆ ಎಂದರ್ಥ.

“ಬಿಲ್ಲಿ ಒಂದಿಷ್ಟು ಸವೆದರ ಏನಾಗ್ತದ?” ಎಂದೆ.

“ಏನಾಗತೈತಿ ಅಂದ್ರ? ಗ್ವಾಡಿ ಓಡತೈತ್ರಿ, ಒಂದ ಕಡೆ ವಾಲತೈತಿ. ಗುಂಡ ಸುಳ್ಳ ಹೇಳೂದಿಲ್ಲ ಸರ, ಬಿಲ್ಲಿ ಹೇಳಸತೈತಿ.”

ಹಾಗೆಂದು ಅವನು ಇನ್ನೊಂದು ಸಿಪ್ಪೆ ತೆಗೆದ. ವಾಸನೆ ಮತ್ತೊಮ್ಮೆ ಬಂತು. ನಾನು ಎಡಚ. ಪೇಪರು ಹಿಡಿದಿದ್ದ ನನ್ನ ಎಡಗೈಯ ಹೆಬ್ಬೆರಳು, ಚಾಕುವಿನ ಬೆನ್ನನ್ನು ಒತ್ತುವ ಹಾಗೆ, ತನಗೆ ತಾನೇ ಮಡಚಿಕೊಂಡಿತು. ನಾನು ಅದನ್ನು ಮಡಚಲಿಲ್ಲ. ಅದು ಮಡಚಿಕೊಂಡದ್ದನ್ನು ನೋಡಿದೆ, ಅಷ್ಟೆ. ಪೇಪರು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ.

ಯಾಕೆ ಎಂದು ಹೇಳಬೇಕಾದರೆ ನಾನು ಕಾಲೇಜಿನಲ್ಲಿ ಹೇಳುತ್ತಿದ್ದ ಒಂದು ಕಥೆಯನ್ನು ಮೊದಲು ನಿಮಗೂ ಹೇಳಬೇಕು. ನಾನು ತರ್ಕಶಾಸ್ತ್ರ ಕಲಿಸುತ್ತಿದ್ದೆ. ಯಾರಿಗೂ ಬೇಡವಾದ ವಿಷಯ; ಬೇರೆಲ್ಲೂ ಸೀಟು ಸಿಗದೆ ಬಂದ ಹುಡುಗರನ್ನು ಮೊದಲ ದಿನವೇ ನಗಿಸಿದರೆ ಎರಡನೆಯ ದಿನ ಬಂದಾರು ಎಂಬ ಆಸೆಯಿಂದ ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಈ ಕಥೆ ಹೇಳುತ್ತಿದ್ದೆ. ಒಬ್ಬ ಗೌಂಡಿ ಇದ್ದ. ಬಹಳ ದೈವಭಕ್ತ. ದೇವರು ಕೈಯಲ್ಲಿ ನೂಲುಗುಂಡು ಹಿಡಿದು ಗೋಡೆಯ ಬಳಿ ನಿಂತಿದ್ದಾನೆಂದು ಒಂದು ದಿನ ತನ್ನ ಗ್ರಂಥದಲ್ಲಿ ಓದಿದ. ಓದಿ ಎಷ್ಟು ಹೆದರಿದನೆಂದರೆ, ತಾನೇ ಕಟ್ಟಿದ, ಕೂದಲೆಳೆಯಷ್ಟೂ ಓರೆಯಿಲ್ಲದ ಗೋಡೆಯನ್ನು ತಾನೇ ಕೆಡವಿದ. ಇಲ್ಲಿ ನಾನು ಹಾರೆ ಎತ್ತಿ ಹೊಡೆಯುವ ಅಭಿನಯ ಮಾಡುತ್ತಿದ್ದೆ. ಹುಡುಗರು ನಗುತ್ತಿದ್ದರು. ನಗು ನಿಂತ ಮೇಲೆ ಮೂಗಿನ ಮೇಲೆ ಕನ್ನಡಕ ಏರಿಸಿ, “ಭಯವೆಂಬುದು ನೆಟ್ಟಗಿದ್ದುದನ್ನೂ ಕೆಡವಿಸುತ್ತದೆ” ಎನ್ನುತ್ತಿದ್ದೆ. ಕೆಲವರು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಆ ಗೌಂಡಿಯ ಹೆಸರು ಸಮುವೇಲಪ್ಪ. ಆ ಗೋಡೆ ಸವಣೂರಿನಲ್ಲಿದ್ದ ನಮ್ಮ ಮನೆಯದು.

ನನ್ನ ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಸಂಜೆ ಪುರಾಣ ಹೇಳುತ್ತಿದ್ದರು. ಊರು ಅವರನ್ನು ಆಚಾರ್ರು ಎನ್ನುತ್ತಿತ್ತು. ಅಪ್ಪನ ಪುಸ್ತಕಗಳಿಗೆ ಗೆದ್ದಲು ಹಿಡಿದು, ಹಿತ್ತಲಿನಲ್ಲಿ ಅವಕ್ಕೆಂದೇ ಒಂದು ಪಕ್ಕಾ ಕೋಣೆ ಕಟ್ಟಿಸುವುದೆಂದಾಯಿತು. ಆಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದು ಕುಳಿತಿದ್ದೆ. ನೌಕರಿ ಇರಲಿಲ್ಲ, ಅಭಿಪ್ರಾಯಗಳಿದ್ದವು. ಎಂಟು ಗಂಟೆಯ ಮೊದಲು ಏಳುತ್ತಿರಲಿಲ್ಲ. ದೇವರಿಲ್ಲವೆಂದು ಸಾಧಿಸಲು ನನ್ನ ಬಳಿ ಐದು ದಾರಿಗಳಿದ್ದವು. ಅವುಗಳಲ್ಲಿ ನಾಲ್ಕನ್ನು ಅವ್ವನ ಮೇಲೆ ಆಗಲೇ ಪ್ರಯೋಗಿಸಿ ಬೈಸಿಕೊಂಡಿದ್ದೆ.

ಸಮುವೇಲಪ್ಪ ಹಿರೇಬೆಂಡಿಗೇರಿಯವನು. ಅಜ್ಜನ ಕಾಲಕ್ಕೇ ಅವರ ಮನೆತನ ಕ್ರೈಸ್ತವಾಗಿತ್ತು. ನಲವತ್ತರ ಆಸುಪಾಸಿನ, ಒಣಗಿದ ಬಡಕಲು ಮನುಷ್ಯ. ಅವನು ಕಟ್ಟುತ್ತಿದ್ದ, ಹೆಂಡತಿ ಎಲೀಸಮ್ಮ ಬುಟ್ಟಿಯಲ್ಲಿ ಇಟ್ಟಿಗೆ, ಸಿಮೆಂಟು ಹೊತ್ತುಕೊಡುತ್ತಿದ್ದಳು. ಕೆಲಸ ಮುಗಿಯುವವರೆಗೆ ನಮ್ಮ ಹಿಂದಿನ ಮನೆಯ ಬಡಿಗ ಹುಸೇನಸಾಬರ ಛಪ್ಪರದಲ್ಲಿ ಇಬ್ಬರೂ ಇಳಿದುಕೊಂಡಿದ್ದರು.

ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಸಮುವೇಲಪ್ಪ ಕೈ ತೊಳೆದು, ಒರೆಸಿ, ಸಿಮೆಂಟಿನ ಖಾಲಿ ಚೀಲದಲ್ಲಿ ಸುತ್ತಿಟ್ಟ ತನ್ನ ಗ್ರಂಥವನ್ನು ಬಿಚ್ಚುತ್ತಿದ್ದ. ಸಾಲಿನ ಕೆಳಗೆ ಬೆರಳಿಟ್ಟು ಜೋರಾಗಿ ಓದುತ್ತಿದ್ದ. ಓದುತ್ತಿದ್ದದ್ದೆಲ್ಲ ಪ್ರವಾದಿಗಳದು. ಕರುಣೆಯ ಕಥೆಗಳಿಲ್ಲ, ಸಾಂತ್ವನವಿಲ್ಲ. ಊರುಗಳು ಉರಿಯುತ್ತಿದ್ದವು, ಹಗಲು ಕತ್ತಲಾಗುತ್ತಿತ್ತು, ಅರಮನೆಗಳಲ್ಲಿ ಮುಳ್ಳುಕಂಟಿ ಬೆಳೆಯುತ್ತಿತ್ತು.

“ಬರೇ ಸಿಟ್ಟಿನ ಮಾತ ಓದ್ತೀಯಲ್ಲ, ನಿಮ್ಮ ದೇವರು ಒಮ್ಮೆನೂ ನಗೂದಿಲ್ಲೇನು?” ಎಂದು ಕೆಣಕಿದೆ.

“ಸಮಾಧಾನದ ಮಾತು ಸಂಜಿಕ ಓದತೇನ್ರಿ ಸಣ್ಣ ಆಚಾರ್ರ. ಕೆಲಸಕ್ಕ ಹತ್ತೂ ಮುಂದ ಅಂಜಿಕಿ ಬೇಕು.”

ಒಂದು ದಿನ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂದು ಬರೆಯುವಾಗ ಈಗ ನನಗೇ ಅಳುಕು. ಇರಲಿ, ನೆನಪಿದ್ದಂತೆ ಬರೆಯುತ್ತೇನೆ.

“ದೇವ್ರು ನ್ಯಾಯಾ ಮಾಡೂ ಆ ದಿವಸ ಹೆಂಗಿರತೈತಿ ಗೊತ್ತೇನ್ರಿ? ಒಬ್ಬಂವ ಸಿಂಹದ ಕಡಿಂದ ತಪ್ಪಿಸಿಕೊಂಡು ಓಡತಾನ, ಎದುರಿಗೆ ಕರಡಿ. ಅದರ ಕಡಿಂದನೂ ತಪ್ಪಿಸಿಕೊಂಡು ಮನೀಗಿ ಬರತಾನ. ಉಸ್ಸಂತ ಗ್ವಾಡೀಗಿ ಕೈ ಊರತಾನ. ಗ್ವಾಡ್ಯಾಗಿಂದ ಹಾವು ಕಚ್ಚತೈತಿ!”

ಹೇಳುವಾಗ ಅವನ ಬಲಗೈ ನಿಜವಾಗಿ ಗೋಡೆಗೆ ಊರಲು ಹೋಗಿ, ಸುಟ್ಟಹಾಗೆ ಹಿಂದೆ ಬಂತು. ಆಮೇಲೆ ಗುಂಡಿನ ಮಾತು ಬಂತು. ಕುರಿ ಕಾಯುವ ಒಬ್ಬ ಪ್ರವಾದಿಗೆ ದೇವರು ಕಾಣಿಸಿಕೊಂಡನಂತೆ. ಕಿರೀಟವಿಲ್ಲ, ಸಿಂಹಾಸನವಿಲ್ಲ, ಗೋಡೆಯ ಬಳಿ ಗೌಂಡಿಯ ಹಾಗೆ ಕೈಯಲ್ಲಿ ನೂಲುಗುಂಡು ಹಿಡಿದು ನಿಂತಿದ್ದನಂತೆ. ತನ್ನ ಜನ ನೆಟ್ಟಗಿದ್ದಾರೋ ಇಲ್ಲವೋ, ಇನ್ನು ಅಳೆಯುತ್ತೇನೆ ಎಂದನಂತೆ.

“ಎಷ್ಟ ಸಲ ಓದಿದ್ರೂ ಇಲ್ಲಿಗಿ ಬಂದ ಕೂಡ್ಲೆ ನನ್ನ ಕೈ ನಡಗತಾವ್ರಿ,” ಎಂದ ಸಮುವೇಲಪ್ಪ. “ಬ್ಯಾರೇದವ್ರಿಗೆ ಇದು ಕತಿ. ನನಗ ಆ ಕೆಲಸ ಗೊತ್ತೈತಿ. ಗುಂಡ ಬಿಟ್ಟ ಮ್ಯಾಲ ಗ್ವಾಡಿಗೆ ಮಾತಾಡಾಕ ಬರೂದಿಲ್ಲ.”

ಸಂಜೆಯ ಚಹಾಕ್ಕೆ ಹುಸೇನಸಾಬರೂ ಬರುತ್ತಿದ್ದರು. ಅಪ್ಪ ಹಿತ್ತಲ ಬಾಗಿಲ ಹೊಸ್ತಿಲಿನ ಒಳಗೆ ಮಣೆಯ ಮೇಲೆ, ಅವರಿಬ್ಬರು ಹೊರಗೆ ಕಟ್ಟೆಯ ಮೇಲೆ. ಅವರ ಗಾಜಿನ ಲೋಟಗಳು ಬೇರೆ. ಕಿಟಕಿಯ ಹೊರಗಿನ ಗೂಡಿನಲ್ಲಿರುತ್ತಿದ್ದವು. ನಾನು ಪ್ರಗತಿಪರ, ಹೊರಗೆ ಕುಳಿತು ಅದೇ ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದೆ, ಅಪ್ಪ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು. ಹೊಸ್ತಿಲಿನ ಆಚೆ ಈಚೆ ಕುಳಿತ ಆ ಮೂವರಿಗೂ ಕೊನೆಯ ದಿನದ ವಿಷಯ ಬಂದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

“ನಮ್ಮಲ್ಲಿ ಅಂಧಂತಮಸ್ಸು ಅಂತ ಕತ್ತಲ ನರಕ ಅದ,” ಎನ್ನುವರು ಅಪ್ಪ. “ಅಲ್ಲಿಗೆ ಹೋದವ ತಿರುಗಿ ಬರಂಗಿಲ್ಲ. ಮುಗೀತು.”

“ನಮ್ಮಲ್ಲಿ ಸ್ವರ್ಗಕ್ಕ ದಾಟಾಕ ಕೂದಲಕಿಂತಾ ಸಣ್ಣ ಸೇತುವೆ ಐತ್ರಿ ಆಚಾರ್ರ, ಕತ್ತಿಗಿಂತಾ ಹರಿತ,” ಎನ್ನುವರು ಹುಸೇನಸಾಬರು.

“ನಿಮ್ಮದ ಚಲೋ ಸಾಬರ,” ಎಂದ ಸಮುವೇಲಪ್ಪ. “ದಾಟಾಕರೆ ಏನೋ ಒಂದ ಐತಿ. ನಮ್ಮ ಕಡೆ ನಿಂತಲ್ಲೆ ಅಳೀತಾರ.”

ಮೂವರೂ ನಕ್ಕರು. ಹೆದರಿಕೆಯಿದ್ದವರು ಅಷ್ಟು ಹಗುರಾಗಿ ನಗುವುದು ನನಗೆ ಒಗಟಾಗಿತ್ತು. “ಮೂರೂ ಮಂದಿ ಕೂಡಿದರೂ ನನ್ನ ಒಬ್ಬನ್ನ ಅಂಜಿಸಲಿಕ್ಕೆ ಆಗವಲ್ದು ನಿಮಗ,” ಎಂದೆ.

“ನಿನ್ನ ಅಂಜಿಸಲಿಕ್ಕೆ ದೇವರು ಯಾಕ ಬೇಕೋ, ನೌಕರಿಯ ಅರ್ಜಿ ಸಾಕು,” ಎಂದರು ಅಪ್ಪ.

ಎಲ್ಲರೂ ಇನ್ನೊಮ್ಮೆ ನಕ್ಕರು. ನನಗೆ ಅವಮಾನವಾಯಿತು. ಎಂ.ಎ. ಮಾಡಿದವನಿಗೆ ಅವಮಾನವಾದಾಗ ಅವನು ಪ್ರಶ್ನೆ ಕೇಳುತ್ತಾನೆ. “ಹೌದು ಸಮುವೇಲಪ್ಪ, ನಿನ್ನ ದೇವರ ಕೈಯಾಗಿನ ಗುಂಡಿನ ಬಿಲ್ಲಿ ನೆಟ್ಟಗದ ಅಂತ ಯಾರು ಪರೀಕ್ಷಾ ಮಾಡ್ಯಾರ?”

ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನನ್ನು ಎಬ್ಬಿಸಿಕೊಂಡು ಪಡಸಾಲೆಯ ಕಲ್ಲುಕಂಬದ ಬಳಿ ಕರೆದೊಯ್ದ. ಬಿಲ್ಲೆಯ ಒಂದು ಮಗ್ಗುಲನ್ನು ಕಂಬಕ್ಕೆ ಒತ್ತಿ ಗುಂಡು ಬಿಟ್ಟ. ಆಮೇಲೆ ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಒತ್ತಿ ಮತ್ತೊಮ್ಮೆ ಬಿಟ್ಟ. ಎರಡೂ ಸಲ ಗುಂಡು ಕಂಬವನ್ನು ಒಂದೇ ರೀತಿ ಸೋಕಿತು.

“ಹಿಂಗ ದಿನಾ ಮುಂಜಾನೆ ನೋಡಬೇಕ್ರಿ, ಕರಣಿ ಮುಟ್ಟೂ ಮೊದಲ. ಅಳಿಯೋದನ್ನ ಮೊದಲ ಅಳೀಬೇಕು. ಇದು ನಮ್ಮಪ್ಪ ಕಲಿಸಿದ್ದು. ದೇವರದು ದೇವರಿಗೆ ಗೊತ್ತು. ನಂದು ನಾ ನೋಡಕೋಬೇಕು.”

ಇಲ್ಲಿಯವರೆಗಿನ ಮಾತಿಗೆ ನಾನು ಹೊಣೆ. ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ.

ಮೂವತ್ತೈದು ವರ್ಷ ನನಗೆ ನೆನಪಿದ್ದದ್ದು ಇಷ್ಟು. ಆ ಸಂಜೆ ಸಮುವೇಲಪ್ಪ ಗುಂಡನ್ನು ನನ್ನ ಕೋಣೆಯ ಕಿಟಕಿಯಲ್ಲಿಟ್ಟು ಹೋದ, ದಿನದ ಹಾಗೆ. ಬಿಲ್ಲೆಯ ಒಂದು ಮಗ್ಗುಲನ್ನು ಒಂದಿಷ್ಟು, ಗೋಧಿಕಾಳಿನಷ್ಟು ಕೆತ್ತಿದರೆ ಇವನ ದೇವರು ಇವನಿಗೆ ಹೇಳುತ್ತಾನೋ ಇಲ್ಲವೋ ನೋಡೋಣ ಎಂದು ನನಗೆ ಅನ್ನಿಸಿತು. ಅಪ್ಪ ಪೆನ್ಸಿಲು ಹೆರೆಯುತ್ತಿದ್ದ ಚಾಕುವನ್ನೂ ಕೈಗೆತ್ತಿಕೊಂಡೆ. ಆಮೇಲೆ, ಛೆ, ಇದು ಹುಡುಗಾಟಿಕೆ, ಓದಿದವನಿಗೆ ಒಪ್ಪುವಂಥದ್ದಲ್ಲ ಎಂದು ಬಿಲ್ಲೆಯನ್ನು ಹಾಗೇ ಇಟ್ಟುಬಿಟ್ಟೆ. ನಾಲ್ಕನೆಯ ದಿನ ಸಂದರ್ಶನಕ್ಕೆಂದು ಯಲವಿಗಿ ಸ್ಟೇಶನ್ನಿಗೆ ಹೋಗಿ ರೈಲು ಹತ್ತಿದೆ. ಎರಡು ದಿನ ಬಿಟ್ಟು ಬಂದರೆ ಹಿತ್ತಲಲ್ಲಿ ಸಮುವೇಲಪ್ಪ ಆಳೆತ್ತರ ಮೀರಿ ಎದ್ದಿದ್ದ ಗೋಡೆಯನ್ನು ಹಾರೆಯಿಂದ ಕೆಡವುತ್ತಿದ್ದ. ಎಲೀಸಮ್ಮ ಇಟ್ಟಿಗೆಗೆ ಅಂಟಿದ ಸಿಮೆಂಟು ಕೆರೆದು ಒಟ್ಟುತ್ತಿದ್ದಳು. ಏನಿದು ಎಂದು ಕೇಳಿದ್ದಕ್ಕೆ ಅವನು, “ಅಳದಾನ್ರಿ” ಎಂದ. ಒಂದೇ ಮಾತು. ಅಳೆದಿದ್ದಾನೆ.

ಅಷ್ಟೇ ಸಾಕಾಯಿತು ನನಗೆ. ಅಂದೇ ಸಂಜೆ ಸವಣೂರಿನ ಚಹಾದಂಗಡಿಯಲ್ಲಿ ಕಥೆ ಹೇಳಿದೆ. ಮರುದಿನ ಇನ್ನೊಂದು ಕಡೆ ಹೇಳಿದೆ. ಹೇಳಿದ ಪ್ರತಿ ಸಲವೂ ಆ ಗೋಡೆ ಇನ್ನಷ್ಟು ನೆಟ್ಟಗಾಯಿತು.

ಕಳೆದ ತಿಂಗಳು ಸಾಗವಾನಿಯ ವಾಸನೆ ಬರುವವರೆಗೆ ನಾನೊಂದು ಸಣ್ಣ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ. ಬಿಲ್ಲೆಯನ್ನು ನಾನು ಕೆತ್ತದಿದ್ದರೆ, ಕೆತ್ತಿದಾಗ ಬರುವ ವಾಸನೆ ನನಗೆ ಹೇಗೆ ಗೊತ್ತು? ನಮ್ಮ ಮನೆಯಲ್ಲಿ ಸಾಗವಾನಿ ಇರಲಿಲ್ಲ. ಬಡಿಗ ಹುಸೇನಸಾಬರ ಛಪ್ಪರದಲ್ಲಿ ಮೂಗಿಗೆ ಬಡಿದಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ತರ್ಕ ಕಲಿತವನಿಗೆ ಸಮಾಧಾನಗಳಿಗೇನು ಬರ! ಆದರೆ ಒಂದರ ಹಿಂದೆ ಒಂದು ಬರತೊಡಗಿದವು. ಎಂಟರ ಮೊದಲು ಏಳದ ನಾನು ಸಂದರ್ಶನಕ್ಕೆ ಹೊರಡುವ ಮೊದಲಿನ ಆ ಮೂರು ದಿನ ಆರೂವರೆಗೇ ಎದ್ದಿದ್ದೆ. ಯಾಕೆ? ಸಮುವೇಲಪ್ಪ ಗುಂಡು ಹಿಡಿದು ಕಲ್ಲುಕಂಬದ ಕಡೆ ಹೊರಡುವ ಹೊತ್ತಿಗೆ ಸರಿಯಾಗಿ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ನಾನೇ ಚಹಾ ತಂದುಕೊಟ್ಟು, ಪ್ರವಾದಿಗಳ ಬಗ್ಗೆ ವಾದ ಹೂಡಿದ್ದೆ. ಬಿಸಿಲು ಏರಿದ್ದು ನೋಡಿ ಅವನು, “ಅಯ್ಯೋ ಹೊತ್ತಾತಲ್ರಿ” ಎಂದು ನೇರ ಗೋಡೆಗೆ ಓಡುತ್ತಿದ್ದ. ಮೂರು ದಿನ. ವಾದದಲ್ಲಿ ಗೆದ್ದ ಖುಷಿ ಮಾತ್ರ ನನಗೆ ನೆನಪಿತ್ತು. ಅಪ್ಪನ ಚಾಕು? ಅದು ಆ ವಾರವೇ ಮೇಜಿನಿಂದ ಕಾಣೆಯಾಯಿತು. ಎಲ್ಲೋ ಬಿತ್ತೆಂದುಕೊಂಡಿದ್ದೆ. ಅಪ್ಪ ತೀರಿದ ಮೇಲೆ ಅವರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಚಾಕುವೊಂದು ಸಿಕ್ಕಿತ್ತು. ಪೆನ್ಸಿಲಿನ ಚಾಕುವನ್ನು ಯಾರಾದರೂ ಬೀಗ ಹಾಕಿ ಇಡುತ್ತಾರೆಯೇ ಎಂದು ಆಗ ನಾನು ನಕ್ಕಿದ್ದೆ.

ನಾಲ್ಕು ದಿನ ತಾಳಿಕೊಂಡೆ. ಐದನೆಯ ದಿನ ಶಿಗ್ಗಾಂವಿಯ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ ಹಿರೇಬೆಂಡಿಗೇರಿಗೆ ಹೋದೆ. ಸಮುವೇಲಪ್ಪ ತೀರಿಹೋದ ಸುದ್ದಿಯನ್ನು ಯಾವಾಗಲೋ ಯಾರಿಂದಲೋ ಕೇಳಿದ್ದೆ. ಎಲೀಸಮ್ಮ ಇದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಮುದುಕಿ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಬಿಡಿಸುತ್ತಿದ್ದಳು. ಸೊಸೆ ಕುರ್ಚಿ ಹಾಕಿ ಚಹಾ ತಂದುಕೊಟ್ಟಳು. ನಾನು ಹೆಸರು ಹೇಳಲು ತಡವರಿಸುತ್ತಿದ್ದೆ. ಮುದುಕಿ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚಹಾದ ಕಪ್ಪು ನೋಡಿದಳು.

“ಎಡಗೈಲೇ ಚಾ ಕುಡೀತೀರಿ. ಸವಣೂರ ಆಚಾರ್ರ ಮಗಾ ಅಲ್ಲೇನ್ರಿ?”

ಕಪ್ಪನ್ನು ತಟ್ಟೆಯಲ್ಲಿಟ್ಟೆ.

“ಆಚಾರ್ರು ಭಾಳ ಚಲೋ ಮನಷ್ಯಾ,” ಎಂದಳು. “ಗ್ವಾಡಿ ಕೆಡವಿದ ದಿನ ಒಂದ ಮಾತ ಆಡಲಿಲ್ಲ. ‘ಸಮುವೇಲಪ್ಪಾ, ನೀ ಮತ್ತ ಕಟ್ಟು’ ಅಂದ್ರು, ಅಷ್ಟ.”

“ಎಲೀಸಮ್ಮ, ಆ ಗೋಡಿ ಖರೇನ ಓಡಿತ್ತೇನು?”

ಅವಳ ಕೈ ನಿಂತಿತು. “ಓಡದ ಕೆಡವತಾರೇನ್ರಿ? ನಿಮಗೇನ ಹುಚ್ಚ ಹಿಡದೈತಿ? ಮೂರ ದಿನ ಒಂದಷ್ಟ ಒಂದಷ್ಟ ಏರಿಸಿದ್ದ. ನಾಕನೇ ದಿನ ಮ್ಯಾಲಿಂದ ಕೆಳಗಿನ ತನಾ ಉದ್ದ ದಾರ ಬಿಟ್ಟು ನೋಡಿದ್ರ, ಗುಂಡ ಗ್ವಾಡಿಂದ ಒಂದ ಬೆರಳ ದೂರ ನಿಂತಿತ್ತು. ಮ್ಯಾಲ ಒಳಗ ಬಾಗಿತ್ತು. ಆಚಾರ್ರು ಅದರ ಬುಡಕ್ಕ ಕುಂತು ಓದಾಕಿದ್ರು.”

ಅವಳು ಸೊಸೆಗೆ ಹೇಳಿ ಟ್ರಂಕು ತರಿಸಿದಳು. ಅದರೊಳಗೆ ಅದೇ ಸಿಮೆಂಟಿನ ಚೀಲದಲ್ಲಿ ಸುತ್ತಿದ ಗ್ರಂಥ, ಅದರ ಪಕ್ಕ ಬಟ್ಟೆಯ ಗಂಟು. ಗಂಟು ಬಿಚ್ಚಿದಳು. ಹಿತ್ತಾಳೆಯ ಗುಂಡು ಕಪ್ಪಾಗಿತ್ತು. ಬಿಲ್ಲೆ ದಾರದಲ್ಲೇ ಇತ್ತು. ಮೂರು ಮಗ್ಗುಲು ಕೈಯ ಎಣ್ಣೆಗೆ ನುಣುಪಾಗಿದ್ದವು. ನಾಲ್ಕನೆಯದರಲ್ಲಿ ಚಾಕುವಿನ ಸಣ್ಣ ಸಣ್ಣ ಕಚ್ಚುಗಳಿದ್ದವು. ಅವೆಲ್ಲ ಒಂದೇ ಕಡೆಗೆ ಓರೆಯಾಗಿದ್ದವು. ಬಲಗೈಯವರು ಕೆತ್ತಿದರೆ ಬರುವ ಓರೆ ಅದಲ್ಲ. ನಾನು ಹೆರೆದ ಪೆನ್ಸಿಲುಗಳನ್ನು ನೋಡಿ ಅವ್ವ, “ಎಡಚನ ಪೆನ್ಸಿಲ್ ಮುಖಾನೂ ಸೊಟ್ಟ” ಎನ್ನುತ್ತಿದ್ದಳಲ್ಲ, ಆ ಓರೆ. ಬಿಲ್ಲೆಯ ಮೇಲೆ ಎಡಗೈಯ ಹೆಬ್ಬೆರಳು ಇಟ್ಟೆ. ಇಡಲು ಜಾಗ ಹುಡುಕಬೇಕಾಗಲಿಲ್ಲ.

ಇನ್ನೂ ಇತ್ತು. ಮುದುಕಿಗೆ ಓದಲು ಬಾರದು. ಆದರೆ ಗ್ರಂಥವನ್ನು ತೆರೆದದ್ದು ಸರಿಯಾಗಿ ನೂಲುಗುಂಡಿನ ಆ ಪುಟಕ್ಕೇ, ಯಾಕೆಂದರೆ ಅದು ತಾನಾಗಿಯೇ ಅಲ್ಲಿ ತೆರೆದುಕೊಳ್ಳುತ್ತಿತ್ತು. ಪುಟಗಳ ನಡುವೆ ಮೂರು ಸಾಗವಾನಿ ಸಿಪ್ಪೆಗಳು, ಒಣಗಿ ಸುರುಳಿಯಾಗಿ, ಕಾಗದಕ್ಕೆ ಕಂದು ಕಲೆ ಹಿಡಿಸಿದ್ದವು.

“ಇವು ನಿಮ್ಮ ಕಿಡಕ್ಯಾಗ ಬಿದ್ದಿದ್ವಂತ,” ಎಂದಳು ಎಲೀಸಮ್ಮ, ಊರ ಸುದ್ದಿ ಹೇಳುವ ದನಿಯಲ್ಲಿ. “ಯಾರ ಕೆತ್ಯಾರ ಅಂತ ಅಂವ ಒಂದ ದಿನಾನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ‘ಮೂರ ದಿನ ಬಿಲ್ಲಿ ತಿರುಗಿಸಿ ನೋಡದ ಕಟ್ಟಿದ್ನಲ್ಲ, ತಪ್ಪು ನಂದ’ ಅಂದ. ನಮ್ಮ ಕೆಲಸದಾಗ ಅದ ದೊಡ್ಡ ತಪ್ಪು.”

“ಆಮ್ಯಾಲೆ?”

“ಆಮ್ಯಾಲೇನು. ನಿಮ್ಮ ಪುಸ್ತಕದ ಕೋಲಿ ಮುಗಿಸಿ ಕೊಟ್ಟ. ಸವಣೂರಾಗ ಮತ್ತ ಯಾರೂ ಗ್ವಾಡಿ ಕೆಲಸಾ ಕೊಡಲಿಲ್ಲ. ‘ದೇವ್ರು ಬಂದು ಕೆಡವು ಅಂದನಂತ’ ಅಂತ ಮಂದಿ ನಗತಿದ್ರು. ಬಜಾರದಾಗ ಹೊಂಟ್ರ ಹುಡುಗೂರು ಹಾರಿ ಎತ್ತಿ ಹೊಡದಂಗ ಮಾಡಿ ತೋರಸ್ತಿದ್ರು. ಯಾರ ಹಬ್ಬಿಸಿದ್ರೊ.”

ಹಾರೆ ಎತ್ತಿ ಹೊಡೆಯುವ ಅಭಿನಯ! ಅದನ್ನು ಚಹಾದಂಗಡಿಯಲ್ಲಿ ಮೊದಲು ಮಾಡಿ ತೋರಿಸಿದವನು ಯಾರು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಎಷ್ಟು ತರಗತಿಗಳ ಮುಂದೆ ಅದನ್ನು ಮಾಡಿದ್ದೇನೋ ಲೆಕ್ಕವಿಲ್ಲ.

“ಹಿರೇಕೆರೂರ ಕಡೆ ಹೋದ್ವಿ,” ಎಂದು ಮುಂದುವರಿಸಿದಳು. “ಪಾಯಾ ತುಂಬೂ ಕೆಲಸ ಹಿಡದ. ಸಾಯೂತನಾ ಪಾಯಾನ. ಗ್ವಾಡಿ ಮಾಡವಲ್ಲ ಅಂದ್ರ ಮಾಡಲಿಲ್ಲ. ಪಾಯಾಕ್ಕ ಗುಂಡ ಬೇಕಾಗೂದಿಲ್ಲ.”

“ಅಷ್ಟು ಅಂಜಿದ್ನೇನು ಅವ?” ಎಂದೆ. ಆಗಲೂ, ಆ ಕ್ಷಣದಲ್ಲೂ, ನನ್ನೊಳಗಿನ ಮೇಷ್ಟರು ತನ್ನ ಕಥೆಯ ಒಂದು ಇಟ್ಟಿಗೆಯನ್ನಾದರೂ ಉಳಿಸಿಕೊಳ್ಳಲು ಹೆಣಗುತ್ತಿದ್ದ. ಭಯ ಕೆಡವಿತು ಎನ್ನುವ ಭಾಗವಾದರೂ ನಿಜವಾಗಿದ್ದರೆ ಎಂದು.

ಮುದುಕಿ ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಸರಿಸಿದಳು.

“ದಿನಾ ಮುಂಜಾನೆ ಪ್ರಾರ್ಥನಾ ಮಾಡೂ ಮುಂದ ನಮ್ಮ ಮಕ್ಕಳ ಹೆಸರ ಹೇಳಿದ ಮ್ಯಾಲ ನಿಮ್ಮ ಹೆಸರ ಹೇಳ್ತಿದ್ದ. ಒಮ್ಮೆ ನನಗ ಸಿಟ್ಟ ಬಂತು. ಅವ್ರು ಯಾರ ನಮಗ, ಬಿಡು ಅಂದ್ನಿ. ಅದಕ್ಕ ಅಂವ ಏನಂದ ಗೊತ್ತೇನ್ರಿ? ‘ಆ ಹುಡುಗಗ ಅಂಜಿಕಿ ಅನ್ನೂದ ಇಲ್ಲ. ನಾಳೆ ಗುಂಡ ಬಿಟ್ಟಾಗ ಹೆಂಗ ನಿಂದರತಾನ? ಅಂವ ಅಂಜಾಕ ಕಲಿಯೂತನಾ ಅವನ ಪಾಲಿಂದು ನಾನ ಅಂಜತೇನಿ’ ಅಂದ.”

ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಹೊರಗೆ ಹೋಗಬೇಕಿತ್ತೇನೋ. ಹೊಸ್ತಿಲ ಬಳಿ ಗೋಡೆಗೆ ಕೈ ಊರಿದೆ. ಅದು ಸವಣೂರಿನ ಕೆಲಸಕ್ಕೆ ಬರುವ ಮೊದಲೇ ಸಮುವೇಲಪ್ಪ ತನಗೆಂದು ಕಟ್ಟಿಕೊಂಡಿದ್ದ ಗೋಡೆ. ಊರಿದ ಕೈಯನ್ನು ಸುಟ್ಟಹಾಗೆ ಹಿಂದೆ ತೆಗೆದೆ.

“ಎಲೀಸಮ್ಮ,” ಎಂದೆ. “ಕೆತ್ತಿದವ ನಾನು. ನಗಿಸಿದವನೂ ನಾನು.”

ಅವಳು ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಆಶ್ಚರ್ಯವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಎರಡರಲ್ಲಿ ಯಾವುದಿದ್ದರೂ ನಾನು ಅಲ್ಲೇ ಕುಸಿದು ಹಗುರಾಗುತ್ತಿದ್ದೆ.

“ನನಗ್ಯಾಕ ಹೇಳ್ತೀರಿ? ನಾ ಏನ ಗುಂಡ ಹಿಡಕೊಂಡ ನಿಂತೇನೇನು?” ಎಂದಳು. “ಕುಂದರ್ರಿ. ಚಾ ಆರತೈತಿ.”

ಕುಳಿತು ಕುಡಿದೆ. ಬಿಲ್ಲೆಯನ್ನು ಒಯ್ಯಲೇ ಎಂದು ಹೊರಡುವಾಗ ಕೇಳಿದೆ. “ಬ್ಯಾಡ್ರಿ,” ಎಂದು ಗಂಟು ಕಟ್ಟಿದಳು. ಸಿಪ್ಪೆಗಳನ್ನು ಮತ್ತೆ ಅದೇ ಪುಟದಲ್ಲಿಟ್ಟು ಮುಚ್ಚಿದಳು.

ದೇವರಿದ್ದಾನೆಂದು ನಾನು ಈಗಲೂ ಹೇಳಲಾರೆ. ಅದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದದ್ದೂ ಸುಳ್ಳಾಗುತ್ತದೆ. ಆದರೆ ಒಬ್ಬ ಮನುಷ್ಯ ನನಗಾಗಿ ಅಷ್ಟು ವರ್ಷ ದಿನ ತಪ್ಪದೆ ಹೆದರಿದ್ದ. ಅವನು ಹೋದ ಮೇಲೆ ಆ ಪಾಲು ಯಾರದು? ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಶಿಗ್ಗಾಂವಿಯ ಹೊಸ ಕಟ್ಟಡಗಳ ಗೋಡೆಗಳೆಲ್ಲ ಕಂಡವು. ನೋಡದೆ ಕಣ್ಣು ಮುಚ್ಚಿಕೊಂಡೆ.

ನಿನ್ನೆ ಮುಂಜಾನೆ ಪಕ್ಕದ ಕಟ್ಟಡದಿಂದ ಮಹಬೂಬಸಾಬ ಕೂಗಿದ. ಅವನ ಜೊತೆಗಾರ ಬಂದಿರಲಿಲ್ಲ.

“ಸರ, ಖಾಲಿ ಅದೀರೇನು? ಈ ಬಿಲ್ಲಿ ಒಂದೀಟ ಇಲ್ಲಿ ಒತ್ತಿ ಹಿಡೀರಿ. ನಾ ಕೆಳಗ ನೋಡತೇನಿ.”

ಹೋದೆ. ಅಟ್ಟಣೆ ಹತ್ತಿದೆ. ಹೊಸ ಬಿಲ್ಲೆ ಇನ್ನೂ ವಾಸನೆ ಬೀರುತ್ತಿತ್ತು. ಒತ್ತಿ ಹಿಡಿದೆ. ಗುಂಡು ಕೆಳಗೆ ಅತ್ತ ಇತ್ತ ಆಡುತ್ತಲೇ ಇತ್ತು, ನಿಲ್ಲಲೊಲ್ಲದು.

“ಕೈ ನಡಗಬಾರದ್ರಿ ಸರ. ಅದು ನಿಂದ್ರೂತನಾ ತಡೀಬೇಕು.”

ತಡೆದೆ. ಕೊನೆಗೆ ನಿಂತಿತು. ಅವನು ಸರಿ ಎಂದ. ನಾನು ಬಿಲ್ಲೆಯನ್ನು ತಿರುಗಿಸಿ, ಇನ್ನೊಂದು ಮಗ್ಗುಲು ಒತ್ತಿ ಮತ್ತೆ ಹಿಡಿದೆ.

“ಅರೆ!” ಎಂದು ನಕ್ಕ ಮಹಬೂಬಸಾಬ. “ತಿರುಗಿಸಿ ನೋಡೂದು ಯಾರ ಕಲಸಿದ್ರು ನಿಮಗ? ಈಗಿನ ಗೌಂಡಿಗೂಳಿಗೇ ಗೊತ್ತಿಲ್ಲ.”

“ಸಮುವೇಲಪ್ಪ ಅಂತ ಒಬ್ಬರಿದ್ದರು,” ಎಂದೆ. ಅವರಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು. ಗುಂಡಿನ ದಾರ ಹಿಡಿದುಕೊಂಡೇ ಕಥೆ ಹೇಳಿದೆ. ಈ ಸಲ ಅಭಿನಯ ಮಾಡಲಿಲ್ಲ. ಗೋಡೆ ಓಡಿತ್ತು ಎಂದೆ. ಓಡಿಸಿದವನು ನಾನು, ಚಾಕುವಿನಿಂದ, ಇದೇ ಕೈಯಿಂದ ಎಂದೆ. ಹೇಳುತ್ತ ಹೇಳುತ್ತ ಅವನು ನಗಬಹುದೆಂದು, ‘ಹೋಗ್ಲಿ ಬಿಡ್ರಿ ಸರ, ಹುಡುಗಾಟದ ವಯಸ್ಸು’ ಎನ್ನಬಹುದೆಂದು ಕಾದೆ. ಕಾದದ್ದು ಸುಳ್ಳಲ್ಲ.

ಮಹಬೂಬಸಾಬ ನಗಲಿಲ್ಲ. ಮೇಲಕ್ಕೆ ಹತ್ತಿ ಬಂದು ನನ್ನ ಎಡಗೈಯಿಂದ ಮೆಲ್ಲಗೆ ಬಿಲ್ಲೆಯನ್ನು ಬಿಡಿಸಿಕೊಂಡ. ಅದರ ನಾಲ್ಕೂ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ದಾರವನ್ನು ಸುತ್ತಿ, ಗುಂಡನ್ನೂ ಬಿಲ್ಲೆಯನ್ನೂ ತನ್ನ ಕಿಸೆಗೆ ಹಾಕಿಕೊಂಡ.